ಎಸ್‌ಎಸ್‌ಡಿ ತಯಾರಕ ಮಹಾಪ್ರಭುಗಳಿಗೆ ಒಂದು ಬಿನ್ನಹ

ಮಹಾಪ್ರಭುಗಳ ಸನ್ನಿಧಾನಕ್ಕೆ,

ಲಿನಕ್ಸ್ ಬಳಕೆದಾರನ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ. ನಾನು ಕ್ಷೇಮ. ಡ್ರೈವಿನ ಫರ್ಮ್‌ವೇರ್ ಕ್ಷೇಮವೇ ಎಂದು ವಿಚಾರಿಸಿದರೆ ಮಾತ್ರ ತಮ್ಮ ಸಾಫ್ಟ್‌ವೇರು 'ಮೊದಲು ವಿಂಡೋಸ್ ಹಾಕಿಕೊಂಡು ಬಾ' ಎನ್ನುತ್ತದೆ.

ಬಾಕ್ಸಿನ ಮೇಲೆ ಸೆಕೆಂಡಿಗೆ 7,000 ಎಂಬಿ ವೇಗ, 5 ವರ್ಷ ವಾರಂಟಿ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದೀರಿ. ಲಿನಕ್ಸಿನಲ್ಲಿ ಫರ್ಮ್‌ವೇರ್ ಅಪ್‌ಡೇಟ್ ಮಾಡುವುದು ಹೇಗೆ ಎಂದು ಬರೆಯಲು ಜಾಗ ಸಾಲಲಿಲ್ಲ. ಪಾಪ, ಬಾಕ್ಸ್ ಚಿಕ್ಕದು.

ಅಪ್‌ಡೇಟ್ ಯಾಕೆ ಬೇಕು ಎನ್ನಬೇಡಿ. ಕ್ರೂಷಿಯಲ್ ಎಂ4 ಡ್ರೈವುಗಳು 5,184 ಗಂಟೆ ದುಡಿದ ಮೇಲೆ ಗಂಟೆಗೊಮ್ಮೆ ಕೈಕೊಡುತ್ತಿದ್ದವು. 2012ರಲ್ಲಿ ಹೊಸ ಫರ್ಮ್‌ವೇರ್ ಬಂದು ಕಾಪಾಡಿತು. 2019ರಲ್ಲಿ ಎಚ್‌ಪಿಇ ಕಂಪನಿ, ತನ್ನ ಕೆಲವು ಸರ್ವರ್ ಎಸ್‌ಎಸ್‌ಡಿಗಳು 32,768ನೇ ಗಂಟೆಗೆ ಡೇಟಾ ಸಮೇತ ಸಾಯುತ್ತವೆ ಎಂದು ಎಚ್ಚರಿಸಿತು. ಸಾವಿಗೂ ಇಷ್ಟು ಕರಾರುವಾಕ್ಕಾಗಿ ಮುಹೂರ್ತ ಇಟ್ಟುಕೊಟ್ಟ ತಮ್ಮ ಕುಲಕ್ಕೆ ಅಭಿನಂದನೆಗಳು.

ತಮ್ಮಲ್ಲಿ ಕೆಲವರು ದಯಾಮಯರು, ಪೆನ್‌ಡ್ರೈವಿನಿಂದ ಬೂಟ್ ಮಾಡುವ ಐಎಸ್‌ಒ ಫೈಲು ಕೊಡುತ್ತಾರೆ. ಸ್ಯಾಮ್‌ಸಂಗ್‌ನವರ ಐಎಸ್‌ಒ ಬಿಚ್ಚಿ ನೋಡಿದರೆ ಒಳಗೆ ಕೂತು ದುಡಿಯುತ್ತಿರುವುದು ಸಾಕ್ಷಾತ್ ಲಿನಕ್ಸ್! ಅಡುಗೆಗೆ ಅವನು ಬೇಕು, ಪಂಕ್ತಿಯಲ್ಲಿ ಅವನಿಗೆ ಎಲೆಯಿಲ್ಲ.

ಕೆಲಸ ಕಷ್ಟವೆನ್ನೋಣವೆಂದರೆ, ಫರ್ಮ್‌ವೇರ್ ಇಳಿಸಿ ಜಾರಿಗೊಳಿಸುವ ಕಮಾಂಡುಗಳು ಈ ಡ್ರೈವುಗಳು ಪಾಲಿಸುವ ಎನ್‌ವಿಎಂಇ ಮಾನದಂಡದಲ್ಲೇ ಇವೆ. ರಿಚರ್ಡ್ ಹ್ಯೂಸ್ ಶುರುಮಾಡಿದ ಎಫ್‌ಡಬ್ಲ್ಯೂಅಪ್‌ಡಿ ಎಂಬ ಲಿನಕ್ಸ್ ಸಾಫ್ಟ್‌ವೇರು ಅವುಗಳನ್ನು ಬಳಸಿ ಅಪ್‌ಡೇಟ್ ಮುಗಿಸಿಬಿಡುತ್ತದೆ. ಅದು ಫರ್ಮ್‌ವೇರ್ ತರುವ ಎಲ್‌ವಿಎಫ್‌ಎಸ್ ಭಂಡಾರಕ್ಕೆ ತಾವು ಫೈಲು ಏರಿಸಿದರೆ ಸಾಕು. ಡೆಲ್, ಲೆನೊವೊದಂಥ ದೊಡ್ಡ ಗಿರಾಕಿಗಳ ಲ್ಯಾಪ್‌ಟಾಪಿನಲ್ಲಿ ಕೂತ ಡ್ರೈವುಗಳಿಗೆ ಅಲ್ಲಿ ಫರ್ಮ್‌ವೇರ್ ಸಿಗುವುದೂ ಉಂಟು. ಅದೇ ಡ್ರೈವಿನ ಒಡಹುಟ್ಟನ್ನು ಅಂಗಡಿಯಲ್ಲಿ ಬಿಡಿಯಾಗಿ ಕೊಂಡವನಿಗೆ ಎಷ್ಟೋ ಸಲ ಕೈ ಖಾಲಿ.

ಆದ್ದರಿಂದ ಮುಂದಿನ ಖರೀದಿಗೆ ನನ್ನದೂ ಕೆಲವು ನಿಯಮ ಮತ್ತು ಷರತ್ತುಗಳು. ಮೊದಲು ಎಲ್‌ವಿಎಫ್‌ಎಸ್ ಪಟ್ಟಿಯಲ್ಲಿ ತಮ್ಮ ಮಾಡೆಲ್ ಹುಡುಕುತ್ತೇನೆ. ಸಿಗದಿದ್ದರೆ ಬೂಟ್ ಆಗುವ ಐಎಸ್‌ಒ ಇದೆಯೇ ನೋಡುತ್ತೇನೆ. ವೇಗದ ಬಡಾಯಿ ಕೇಳುವುದು ಆಮೇಲೆ. ಎರಡೂ ಇಲ್ಲವೆಂದರೆ ವಾರಂಟಿ ಕಾರ್ಡು ತಮ್ಮ ಹತ್ತಿರವೇ ಭದ್ರವಾಗಿರಲಿ. ದುಡ್ಡು ನನ್ನ ಹತ್ತಿರ ಭದ್ರವಾಗಿರುತ್ತದೆ.

ಇತಿ ತಮ್ಮ ವಿಧೇಯ,
ವಿಂಡೋಸ್ ಇಲ್ಲದ ಗಿರಾಕಿ