ಎಡಗೈ ಗೌಡ್ರ ರೈಫಲ್ ಪರೀಕ್ಷೆ

ಹಾನಗಲ್ ಸೀಮೆಯ ಊರುಗಳಲ್ಲಿ ಬಂದೂಕಿನ ಗೌಡ್ರು ಎಂಬುವರೊಬ್ಬರು ಇದ್ದೇ ಇರುತ್ತಾರೆ. ಗುಂಡು ಹಾರಿಸಿದ್ದನ್ನು ಯಾರೂ ಕಂಡಿರುವುದಿಲ್ಲ, ತೀರ್ಪು ಕೊಟ್ಟದ್ದನ್ನು ಎಲ್ಲರೂ ಕೇಳಿರುತ್ತಾರೆ. ಆಡೂರಿನ ಗೌಡ್ರು ಸಾಲದ್ದಕ್ಕೆ ಎಡಚರು. ಉಣ್ಣುವುದು ಮಾತ್ರ ಬಲಗೈಲಿ, ಅದೂ ಅವ್ವ ಕೊಟ್ಟ ಏಟಿನ ಪುಣ್ಯ.

ಮನೆಯಲ್ಲಿರುವುದು ಅಪ್ಪನ ಕಾಲದ ಒಂಟಿನಳಿಗೆ. ಬೆಳೆ ಕಾಯಲು ಕೊಟ್ಟ ಲೈಸೆನ್ಸು ಪ್ಲಾಸ್ಟಿಕ್ ಚೀಲದಲ್ಲಿ ಭದ್ರ. ಚುನಾವಣೆ ಘೋಷಣೆಯಾದರೆ ಬಂದೂಕನ್ನು ಠಾಣೆಗೆ ಒಪ್ಪಿಸಬೇಕಲ್ಲ, ಆ ದಿನ ಗೌಡ್ರದು ಇಸ್ತ್ರಿ ಅಂಗಿ, ಹೊಸ ರುಮಾಲು. ನಾಮಪತ್ರ ಸಲ್ಲಿಸುವವರಿಗೂ ಅಷ್ಟು ಗತ್ತು ಇರುವುದಿಲ್ಲ.

ವರ್ಷಕ್ಕೊಮ್ಮೆ ಹುಬ್ಬಳ್ಳಿಯ ಬಂದೂಕಿನ ಅಂಗಡಿಗೆ ಹೋಗುತ್ತಾರೆ. ಈಶಾಪುರ ಕಾರ್ಖಾನೆಯ ಪಾಯಿಂಟ್ ಟೂ-ಟೂ ಬೋಲ್ಟ್ ರೈಫಲ್ ಎತ್ತಿ, ಎಡಭುಜಕ್ಕೆ ಒರಗಿಸಿ, ಒಂದು ಕಣ್ಣು ಮುಚ್ಚುತ್ತಾರೆ. ಬೋಲ್ಟಿನ ಹಿಡಿ ಬಲಕ್ಕಿದೆ. ಎಡಗೈ ಕುದುರೆ ಬಿಟ್ಟು, ರೈಫಲ್ಲಿನ ಬೆನ್ನು ದಾಟಿ, ಅದನ್ನು ಹಿಡಿದೆಳೆಯುವಷ್ಟರಲ್ಲಿ ನಳಿಗೆ ಗೋಡೆಯ ಕ್ಯಾಲೆಂಡರಿನತ್ತ ತಿರುಗಿರುತ್ತದೆ.

"ಖಾಲಿ ತೋಟಾ ನಮ್ಮ ಮಾರಿ ಮುಂದ ಹಾದು ಹೋಗ್ತೈತಿ. ಗಲ್ಲಾ ಇಡೂ ಉಬ್ಬು ಆ ಕಡಿ, ನಮ್ಮ ಗಲ್ಲಾ ಈ ಕಡಿ. ಇದನ್ನ ಮಾಡಿದಾಂವಗ ಎಡಗೈನ ಇರ್ಲಿಲ್ಲೇನು?"

"ಅಮೆರಿಕದಾಗ ಸ್ಯಾವೇಜ್ ಕಂಪನಿ ಎಡಗೈದ್ದ ಮಾಡ್ತೈತ್ರಿ," ಎಂದ ಅಂಗಡಿಯ ಹುಡುಗ. ತರಿಸುವ ದಾರಿ ನಮ್ಮಂಥವರಿಗಿಲ್ಲ. ಹೊರದೇಶದ ಬಂದೂಕು ಪಂದ್ಯದ ಶೂಟರುಗಳ ಪಾಲಿಗೆ. ಗೌಡ್ರಿಗೆ ಇದರಿಂದ ಬೇಸರಕ್ಕಿಂತ ನಿರಾಳವೇ ಹೆಚ್ಚಾದಂತಿತ್ತು.

"ಅಲ್ರೀ ಗೌಡ್ರ, ಇದರ ಗುಂಡಿನ ತೂಕ ಎರಡೂವರೆ ಗ್ರಾಂ. ಹಂದಿಗೆ ಸಾಲ್ತೈತೇನ್ರಿ?"

"ಹಂದಿಗೆ ಯಾರ್ ಹೊಡೀತಾರ? ಅದಕ್ಕ ಅರಣ್ಯ ಇಲಾಖೆ ಪರವಾನಗಿ ಬೇಕು."

"ಮೊಲಕ್ಕೇನ್ರಿ?"

"1972ರ ಕಾಯ್ದೆ ಓದೀಯೇನ? ಮೊಲಾ ಹೊಡದ್ರ ಜೇಲು. ರಾಣೆಬೆನ್ನೂರ ಕಡೆ ಚಿಗರಿ ಹೊಲಾ ಮೇಯ್ತಾವ, ರೈತ ಕೈ ಮುಗದು ನಿಲ್ತಾನ."

"ಹಂಗಾರ ರೈಫಲ್ ಯಾಕ್ರಿ?"

"ಬ್ಯಾಲೆನ್ಸ್ ನೋಡಾಕ," ಎಂದರು ಗೌಡ್ರು. ಹುಡುಗ ಸುಮ್ಮನೆ ಲೈಸೆನ್ಸ್ ಬಿಡಿಸಿ ನೋಡಿದ. ಅದರಲ್ಲಿದ್ದದ್ದು ಒಂಟಿನಳಿಗೆ ಮಾತ್ರ. ರೈಫಲ್ ಅಂತ ಒಂದಕ್ಷರವೂ ಇಲ್ಲ. ಚಹಾ ಬಂತು, ಕುಡಿದು ಬಂದರು.

ಗೋವಿನಜೋಳ ತೆನೆಗಟ್ಟಿದಾಗ ಹೊಲ ಕಾಯುವವರು ಗೌಡ್ತಿ. ಬದುವಿನ ಸುತ್ತ ಹಳೇ ಸೀರೆ ಕಟ್ಟಿ, ರಾತ್ರಿ ಎಣ್ಣೆ ಡಬ್ಬಿ ಬಡಿಯುತ್ತಾರೆ. ಮೊನ್ನೆ ಹಂದಿಗಳ ಹಿಂಡು ನುಗ್ಗಿತು. ಗೌಡ್ರು ಅಟ್ಟದ ಮೇಲೆ ಬ್ಯಾಟರಿ ಹಿಡಿದು ಗಾಳಿಯ ದಿಕ್ಕು ಲೆಕ್ಕ ಹಾಕುತ್ತಿದ್ದರು. ಗೌಡ್ತಿ ಡಬ್ಬಿ ಬಡಿದರು, ಹಂದಿಗಳು ಹಳ್ಳಕ್ಕಿಳಿದವು.

"ನೋಡಿದೇನ, ಎಲ್ಲಾ ಬಲಕ್ಕ ಓಡಿದ್ವು," ಎಂದರು ಗೌಡ್ರು ಮೇಲಿಂದ. "ಎಡಗೈ ಬೋಲ್ಟ್ ಇದ್ದಿದ್ರ..."

"ಕೆಳಗ ಇಳೀರಿ," ಎಂದರು ಗೌಡ್ತಿ, "ಈ ಡಬ್ಬಿ ಎರಡೂ ಕೈಲೆ ಬಡೀಬಹುದು."