ಮಹಾಪೆಯ ‘ಅಪಘಾತ ವಲಯ’ ಫಲಕದೊಡನೆ ಮಾತುಕತೆ

ಪ್ರಶ್ನೆ: ಶಿಳ್‌ಫಾಟಾ ಕಡೆಯಿಂದ ನವಿ ಮುಂಬಯಿಯ ಮಹಾಪೆಗೆ ಬರುವ ಬೈಕ್ ಸವಾರ ನಿಮ್ಮನ್ನು ಓದಿದ ಅಂತಿಟ್ಟುಕೊಳ್ಳಿ. ಈಗ ಅವನೇನು ಮಾಡಬೇಕು?

ಫಲಕ: ಅದನ್ನು ನನಗೂ ಯಾರೂ ಹೇಳಿಕೊಟ್ಟಿಲ್ಲ. ತಿರುವಿನ ಫಲಕ ಯಾವ ಕಡೆಗೆ ತಿರುವು ಅನ್ನುತ್ತದೆ, ಉಬ್ಬಿನ ಫಲಕ ಬ್ರೇಕ್ ಹಿಡಿ ಅನ್ನುತ್ತದೆ. ನಾನು ‘ಇಲ್ಲಿ ಅಪಘಾತ ಆಗುತ್ತಿರುತ್ತದೆ’ ಎಂದು ಸುದ್ದಿ ಹೇಳಿ ಸುಮ್ಮನಾಗುತ್ತೇನೆ. ಆಗುವುದು ಗುಂಡಿಯಿಂದಲೋ, ಬೀದಿದೀಪ ಇಲ್ಲದ್ದಕ್ಕೋ, ನ್ಹಾವಾ ಶೇವಾ ಬಂದರಿನ ಕಂಟೇನರ್ ಲಾರಿಗಳಿಂದಲೋ, ಬಾಯಿ ಬಿಡುವುದಿಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವವನು ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ಸಾಗುತ್ತಾನೆ. ನನ್ನ ಒಗಟು ಬಿಡಿಸುವಷ್ಟರಲ್ಲಿ ವಲಯದ ನಡುಮಧ್ಯೆ ಇರುತ್ತಾನೆ. ನಿಜ ಹೇಳಲೇ? ನನ್ನನ್ನು ನೆಟ್ಟಿದ್ದು ಕಡತಕ್ಕಾಗಿ, ಸವಾರನಿಗಾಗಿ ಅಲ್ಲ. ರಸ್ತೆ ಸರಿಮಾಡಲು ಟೆಂಡರು, ಬಿಲ್ಲು, ವರ್ಷಗಟ್ಟಲೆ ಓಡಾಟ ಬೇಕು. ನನಗೆ ಎರಡು ಕಂಬ ಸಾಕು. ಆಮೇಲೆ ಯಾರಾದರೂ ಬಿದ್ದರೆ ‘ಮೊದಲೇ ಹೇಳಿದ್ದೆವಲ್ಲ’ ಅನ್ನಬಹುದು.

ಪ್ರಶ್ನೆ: ಸಂಚಾರ ಚಿಹ್ನೆಗಳನ್ನು ಲೈಸೆನ್ಸ್ ಪಡೆಯುವಾಗಲೇ ಕಲಿತಿರಬೇಕು. ಅರ್ಥವಾಗದಿದ್ದರೆ ಸವಾರನ ತಪ್ಪಲ್ಲವೇ?

ಫಲಕ: 2022ರ ಆಗಸ್ಟ್‌ನಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್‌ನ ಹೋಪ್‌ಫಾರ್ಮ್ ಬಳಿಯ ಫಲಕ ಸುದ್ದಿಯಾಗಿತ್ತು. ತ್ರಿಕೋನದೊಳಗೆ ನಾಲ್ಕು ಕಪ್ಪು ಚುಕ್ಕೆ, ಅಷ್ಟೇ. ಇದೇನೆಂದು ಒಬ್ಬರು ಟ್ವಿಟರ್‌ನಲ್ಲಿ ಕೇಳಿದರು. ಅಂಧರು ರಸ್ತೆಯಲ್ಲಿರಬಹುದು, ಹತ್ತಿರದಲ್ಲೇ ಅಂಧರ ಶಾಲೆಯಿದೆ ಎಂದು ಸಂಚಾರ ಪೊಲೀಸರು ಉತ್ತರ ಕೊಟ್ಟರು. ಫಲಕ ನಿಯಮದ ಪ್ರಕಾರವೇ ಇತ್ತು ಅಂತಲೇ ಇಟ್ಟುಕೊಳ್ಳಿ. ಆದರೆ ಕಾಪಾಡಬೇಕಾದ್ದು ಆ ಮಕ್ಕಳನ್ನೋ, ನಿಯಮವನ್ನೋ? ಚುಕ್ಕೆಗಳ ಕೆಳಗೆ ‘ಅಂಧರ ಶಾಲೆ’ ಎಂದು ಬರೆದಿದ್ದರೆ ಪೊಲೀಸರಿಗೆ ಒಂದು ಉತ್ತರ ಬರೆಯುವ ಕೆಲಸ ತಪ್ಪುತ್ತಿತ್ತು. ಸವಾರ ಕಲಿಯಲಿ, ಬೇಡ ಅನ್ನುವುದಿಲ್ಲ; ತರಗತಿಗೆ ತರಗತಿಯೇ ಫೇಲಾದಾಗ ಪ್ರಶ್ನೆಪತ್ರಿಕೆಯನ್ನೂ ಒಮ್ಮೆ ನೋಡಬೇಕಲ್ಲವೇ?

ಪ್ರಶ್ನೆ: ಲಡಾಖಿನಲ್ಲಿ ಗಡಿ ರಸ್ತೆ ಸಂಸ್ಥೆಯ ಫಲಕಗಳು ಜನರನ್ನು ನಗಿಸುತ್ತವೆ. ಅವೂ ಕೆಲಸಕ್ಕೆ ಬಾರದವೇ?

ಫಲಕ: ಅವು ಪ್ರಾಸ ಕಟ್ಟಿದರೂ ಕುಡಿದು ಓಡಿಸಬೇಡ, ಅವಸರ ಮಾಡಬೇಡ ಎಂಬ ಕೆಲಸದ ಮಾತನ್ನೇ ಆಡುತ್ತವೆ. ನಗಿಸುವುದು ತಪ್ಪಲ್ಲ. ನಾನೋ, ಮುಖ ಗಂಟಿಕ್ಕಿಕೊಂಡು ಏನೂ ಹೇಳದವನು.

ಪ್ರಶ್ನೆ: ಹಾಗಾದರೆ ನಿಮ್ಮನ್ನು ಕಿತ್ತುಹಾಕೋಣವೇ?

ಫಲಕ: ಬೇಡಿ ಸ್ವಾಮಿ. ಕಾರಣವೇನು, ಎಷ್ಟು ದೂರದವರೆಗೆ ಎಂಬುದನ್ನು ಕೆಳಗೆ ಬರೆಸಿ. ನನ್ನ ಅರ್ಧ ಮುಖಕ್ಕೆ ಕಟ್ಟಿರುವ ಹುಟ್ಟುಹಬ್ಬದ ಬ್ಯಾನರನ್ನು ಬಿಚ್ಚಿಸಿದರೂ ಉಪಕಾರವಾದೀತು. ಅಥವಾ ಅದು ಇದ್ದರೆ ಇರಲಿ ಬಿಡಿ. ಯಾರ ಹುಟ್ಟುಹಬ್ಬ, ಯಾವತ್ತು, ಶುಭ ಕೋರುವವರು ಯಾರ್‍ಯಾರು ಎಂದು ಅದರಲ್ಲಿ ಎಲ್ಲವೂ ಸ್ಪಷ್ಟವಾಗಿದೆ.