ಮೊಟ್ಟೆಯ ಹಳದಿಯ ಖುಲಾಸೆ

ಅರ್ಧ ಶತಮಾನದಷ್ಟು ಕಾಲ ಹೃದಯದ ವೈರಿಯೆಂಬ ಆರೋಪ ಹೊತ್ತಿದ್ದ ಮೊಟ್ಟೆಯ ಹಳದಿ ಈಗ ತಲೆ ಎತ್ತಿಕೊಂಡು ತಿರುಗುತ್ತಿದೆ. ಅದು ತಜ್ಞರನ್ನು ಹಿಗ್ಗಾಮುಗ್ಗಾ ಬೈಯುತ್ತದೆ ಎಂಬ ಆಸೆಯಿಂದ ನಡೆಸಿದ ಈ ಸಂದರ್ಶನ ಪತ್ರಿಕೋದ್ಯಮದ ದೃಷ್ಟಿಯಿಂದ ನಿರಾಸೆಯನ್ನೇ ತಂದಿತು.

ಪ್ರಶ್ನೆ: 1968ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ವಾರಕ್ಕೆ ಮೂರು ಹಳದಿ ಸಾಕು ಎಂದಿತು. 2015ರ ಅಮೆರಿಕದ ಆಹಾರ ಮಾರ್ಗಸೂಚಿ, ದಿನಕ್ಕೆ 300 ಮಿಲಿಗ್ರಾಂ ಕೊಲೆಸ್ಟರಾಲ್ ಎಂಬ ಮಿತಿಯನ್ನೇ ಕೈಬಿಟ್ಟಿತು. ಮಾನನಷ್ಟಕ್ಕೆ ಪರಿಹಾರ ಕೇಳುವುದಿಲ್ಲವೇ?

ಹಳದಿ: ಕೇಳುವುದಾದರೆ ಮೊಲಗಳಿಂದ ಶುರುಮಾಡಬೇಕಾಗುತ್ತದೆ. 1913ರಲ್ಲಿ ರಷ್ಯಾದ ನಿಕೊಲಾಯ್ ಅನಿಚ್ಕೊವ್ ಮೊಲಗಳಿಗೆ ಕೊಲೆಸ್ಟರಾಲ್ ತಿನ್ನಿಸಿದಾಗ ಅವುಗಳ ರಕ್ತನಾಳಗಳಲ್ಲಿ ಜಿಡ್ಡು ಕಟ್ಟಿತು. ಪ್ರಯೋಗದಲ್ಲಿ ತಪ್ಪಿರಲಿಲ್ಲ. ಆದರೆ ಮೊಲ ಸೊಪ್ಪು ತಿನ್ನುವ ಜೀವಿ, ಅದರ ವಂಶದಲ್ಲಿ ಯಾರೂ ಆಮ್ಲೆಟ್ ಕಂಡವರಲ್ಲ. ಮನುಷ್ಯನ ಕೊಲೆಸ್ಟರಾಲಿನ ಬಹುಪಾಲು ಅವನ ಮೈಯೊಳಗೇ ತಯಾರಾಗುತ್ತದೆ. ಊಟದಲ್ಲಿ ಹೆಚ್ಚು ಬಂದರೆ ಒಳಗಿನ ತಯಾರಿ ತಗ್ಗುತ್ತದೆ. ನನ್ನಲ್ಲಿರುವ ಸುಮಾರು 186 ಮಿಲಿಗ್ರಾಂ ಹೆಚ್ಚಿನವರ ರಕ್ತದಲ್ಲಿ ಅಲ್ಪಸ್ವಲ್ಪ ಏರಿಕೆ ತರುತ್ತದೆ, ಅಷ್ಟೆ. ಬೆಣ್ಣೆ, ತುಪ್ಪ, ಕೊಬ್ಬಿದ ಮಾಂಸಗಳ ಸ್ಯಾಚುರೇಟೆಡ್ ಕೊಬ್ಬಿನ ಪ್ರಭಾವ ಅದಕ್ಕಿಂತ ದೊಡ್ಡದು. ಕೊಬ್ಬಿನ ಮೇಲೆ ಯುದ್ಧ ಸಾರಿದವನೆಂದು ಇಂದು ಬೈಸಿಕೊಳ್ಳುವ ಆನ್ಸೆಲ್ ಕೀಸ್ ಕೂಡ 1950ರ ದಶಕದಲ್ಲೇ ಊಟದ ಕೊಲೆಸ್ಟರಾಲಿಗೆ ಅಷ್ಟು ಮಹತ್ವವಿಲ್ಲವೆಂದಿದ್ದ. ಆದರೂ ರಕ್ತದಲ್ಲಿ ಸಿಕ್ಕ ವಸ್ತು ತಟ್ಟೆಯಲ್ಲೂ ಇರುವುದರಿಂದ ತಟ್ಟೆಯಿಂದಲೇ ಬಂದಿರಬೇಕು ಎಂಬ ಅವಸರದ ತರ್ಕಕ್ಕೆ ನಾನು ಬಲಿಯಾದೆ. 1984ರಲ್ಲಿ ‘ಟೈಮ್’ ಪತ್ರಿಕೆ ಎರಡು ಮೊಟ್ಟೆಗಳನ್ನು ಕಣ್ಣಾಗಿಸಿ, ಹಂದಿಮಾಂಸದ ಪಟ್ಟಿಯನ್ನು ಜೋಲುಬಾಯಿ ಮಾಡಿ ಮುಖಪುಟದಲ್ಲಿ ಹಾಕಿತು. ಫೋಟೊ ಮಾತ್ರ ಚೆನ್ನಾಗಿ ಬಂದಿತ್ತು.

ಪ್ರಶ್ನೆ: ಹಾಗಾದರೆ ಕೊಲೆಸ್ಟರಾಲ್ ಭಯವೆಲ್ಲ ಕಟ್ಟುಕಥೆ ಎಂದು ಬರೆದುಕೊಳ್ಳಲೇ?

ಹಳದಿ: ಬೇಡ. ವಾಟ್ಸಾಪ್ ಪಂಡಿತರು ನನ್ನನ್ನು ಮೆರವಣಿಗೆ ಮಾಡುವುದು ನನ್ನ ಮೇಲಿನ ಪ್ರೀತಿಯಿಂದಲ್ಲ, ನನ್ನ ಮರೆಯಲ್ಲಿ ರಕ್ತದ ‘ಕೆಟ್ಟ’ ಕೊಲೆಸ್ಟರಾಲ್ ಎನಿಸಿದ ಎಲ್‌ಡಿಎಲ್ ಅನ್ನು ಪಾರುಮಾಡಲು. ಅದರ ಮೇಲಿನ ದೋಷಾರೋಪಣೆ ಮೊಲಗಳನ್ನು ನಂಬಿ ನಿಂತಿಲ್ಲ. ರಕ್ತದಿಂದ ಎಲ್‌ಡಿಎಲ್ ಅನ್ನು ಎಳೆದುಕೊಳ್ಳುವ ಗ್ರಾಹಕಗಳನ್ನು ಕಂಡುಹಿಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ 1985ರಲ್ಲಿ ನೊಬೆಲ್ ಪಡೆದರು. ತಾಯಿ-ತಂದೆ ಇಬ್ಬರಿಂದಲೂ ಕೆಟ್ಟ ಜೀನ್ ಪಡೆದು, ಆ ಗ್ರಾಹಕಗಳಿಲ್ಲದೆ ಹುಟ್ಟಿದ ಮಕ್ಕಳಿಗೆ ಬಾಲ್ಯದಲ್ಲೇ ಹೃದಯಾಘಾತವಾಗಬಲ್ಲದು. ಅದಕ್ಕೆ ಪೂರಾ ತದ್ವಿರುದ್ಧವಾಗಿ, ಪಿಸಿಎಸ್‌ಕೆ9 ಎಂಬ ಜೀನ್ ಕೆಲಸಮಾಡದ, ಹುಟ್ಟಿನಿಂದಲೇ ಎಲ್‌ಡಿಎಲ್ ಕಡಿಮೆಯಿರುವ ಜನರಲ್ಲಿ ಹೃದ್ರೋಗ ಬಹಳ ವಿರಳವೆಂದು 2006ರಲ್ಲಿ ಗೊತ್ತಾಯಿತು. ಜೀನುಗಳಿಗೆ ಯಾವ ಕಂಪನಿಯೂ ಲಂಚ ಕೊಟ್ಟಿರಲಾರದು. ಇನ್ನು ಔಷಧದ ಸಾಕ್ಷ್ಯ: 1994ರ ಸ್ಕ್ಯಾಂಡಿನೇವಿಯನ್ ಪ್ರಯೋಗದಲ್ಲಿ ಹೃದ್ರೋಗವಿದ್ದ 4,444 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಎಲ್‌ಡಿಎಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ, ಉಳಿದವರಿಗೆ ಹುಸಿಮಾತ್ರೆ ಕೊಟ್ಟು ಐದು ವರ್ಷ ಕಾದರು; ಸ್ಟ್ಯಾಟಿನ್ ನುಂಗಿದವರಲ್ಲಿ ಸಾವಿನ ಅಪಾಯ ಶೇ. 30ರಷ್ಟು ಕಡಿಮೆಯಾಯಿತು. ಪರಸ್ಪರ ಪರಿಚಯವೇ ಇಲ್ಲದ ಮೂರು ಸಾಕ್ಷಿಗಳು ಒಂದೇ ಹೆಸರು ಹೇಳುತ್ತಿದ್ದಾರೆ, ಆ ಹೆಸರು ನನ್ನದಲ್ಲ.

ಪ್ರಶ್ನೆ: ಆದರೆ ತಜ್ಞರೂ ಹಣಕ್ಕೆ ಬಾಗುತ್ತಾರಲ್ಲ?

ಹಳದಿ: ಬಾಗಿದ್ದಾರೆ. 1967ರಲ್ಲಿ ಹಾರ್ವರ್ಡ್‌ನ ಸಂಶೋಧಕರು ಸಕ್ಕರೆಯ ಪಾಲನ್ನು ಹಗುರ ಮಾಡಿ, ಕೊಬ್ಬಿನ ಮೇಲೆ ಹೊರೆ ಹಾಕಿ ಬರೆದ ಪರಾಮರ್ಶೆಗೆ ಸಕ್ಕರೆ ಉದ್ಯಮವೇ ದುಡ್ಡು ಕೊಟ್ಟಿತ್ತು. ಅದು ಬಯಲಾದದ್ದು 2016ರಲ್ಲಿ, ಹಳೆಯ ಕಡತ ಹುಡುಕಿದ ಸಂಶೋಧಕರಿಂದಲೇ. ಮಾರ್ಗರಿನ್ ವಿಷಯದಲ್ಲಂತೂ ತಜ್ಞರನ್ನು ನಾನೂ ಕ್ಷಮಿಸಲಾರೆ. ಬೆಣ್ಣೆ ಬಿಟ್ಟು ಅದನ್ನು ಬಳಿದುಕೊಳ್ಳಿ ಎಂದರು. ಅದರೊಳಗಿದ್ದ ಟ್ರಾನ್ಸ್ ಕೊಬ್ಬು ಎಲ್‌ಡಿಎಲ್ ಏರಿಸಿ ‘ಒಳ್ಳೆಯ’ ಕೊಲೆಸ್ಟರಾಲ್ ಎನಿಸಿದ ಎಚ್‌ಡಿಎಲ್ ಇಳಿಸುತ್ತದೆಂದು 1990ರಲ್ಲಿ ಡಚ್ ಸಂಶೋಧಕರು ತೋರಿಸಿದರು. ಭಾರತದಲ್ಲಿ ವನಸ್ಪತಿಯ ಟ್ರಾನ್ಸ್ ಕೊಬ್ಬಿನ ಮಿತಿ ಶೇ. 2ಕ್ಕೆ ಇಳಿದದ್ದು 2022ರಲ್ಲಿ. ಆ ನಡುವೆ ಎಷ್ಟು ಬೇಕರಿಗಳ ಪಫ್ ಖರ್ಚಾಯಿತೋ! ಆದರೂ ಹಣವೇ ಫಲಿತಾಂಶ ಬರೆಯುವುದಾದರೆ ಫೈಜರ್ ಕಂಪನಿಯ ಟಾರ್ಸೆಟ್ರಾಪಿಬ್ ಗೆಲ್ಲಬೇಕಿತ್ತು. ಅದು ‘ಒಳ್ಳೆಯ’ ಎಚ್‌ಡಿಎಲ್ ಅನ್ನು ಚೆನ್ನಾಗಿಯೇ ಏರಿಸಿತು; ಔಷಧ ತೆಗೆದುಕೊಂಡವರೇ ಹೆಚ್ಚು ಸತ್ತದ್ದು ಕಂಡು 2006ರಲ್ಲಿ ಪ್ರಯೋಗ ನಿಲ್ಲಿಸಿದರು. ತಜ್ಞರ ಮುಖ ನೋಡಿ ನಂಬಬೇಡಿ, ಒಪ್ಪಿದೆ. ಆದರೆ ತಜ್ಞರನ್ನು ಬೈಯುವವರನ್ನೂ ಅದೇ ತಕ್ಕಡಿಗೆ ಹಾಕಿ. ಪವಾಡದ ಎಣ್ಣೆ ಮಾರುವವನ ಅಂಗಡಿಯಲ್ಲೂ ಗಲ್ಲಾಪೆಟ್ಟಿಗೆ ಇರುತ್ತದೆ.

ಪ್ರಶ್ನೆ: ಸ್ವಲ್ಪ ಅನುಮಾನದಿಂದ ನಷ್ಟವೇನು?

ಹಳದಿ: ಆಸ್ಟ್ರೇಲಿಯಾವನ್ನು ನೋಡಿ. 2013ರಲ್ಲಿ ಅಲ್ಲಿನ ಎಬಿಸಿ ವಾಹಿನಿಯ ‘ಕ್ಯಾಟಲಿಸ್ಟ್’ ಕಾರ್ಯಕ್ರಮ ಸ್ಟ್ಯಾಟಿನ್‌ಗಳ ಬಗ್ಗೆ ಸಂಶಯ ಬಿತ್ತಿತು. ನಂತರದ ತಿಂಗಳುಗಳಲ್ಲಿ ಮಾತ್ರೆ ಕೊಳ್ಳುವವರು ಸುಮಾರು 60,000ದಷ್ಟು ಕಡಿಮೆಯಾದರೆಂದು ಸಂಶೋಧಕರು ಅಂದಾಜಿಸಿದರು. ವಾಹಿನಿ ಕಾರ್ಯಕ್ರಮವನ್ನು ಹಿಂತೆಗೆದುಕೊಂಡಿತು. ಬಿಟ್ಟ ಮಾತ್ರೆಗಳನ್ನು ಹಾಗೆ ಹಿಂತೆಗೆದುಕೊಳ್ಳಲಾಗದು. ನನ್ನ ಮೇಲಿನ ತನಿಖೆಯೂ ಪೂರ್ತಿ ಮುಗಿದಿಲ್ಲ: ಸಕ್ಕರೆ ಕಾಯಿಲೆಯವರ ವಿಷಯದಲ್ಲಿ ವಾದ ಇನ್ನೂ ನಡೆಯುತ್ತಿದೆ. ಆದ್ದರಿಂದ ಓದುಗರೇ, ನನ್ನನ್ನು ತಿನ್ನುವುದು ಬಿಡುವುದು ನಿಮಗೆ ಸೇರಿದ್ದು. ನನ್ನ ಹೆಸರು ಹೇಳಿಕೊಂಡು ಮಾತ್ರೆ ಮಾತ್ರ ಬಿಡಬೇಡಿ. ಬರೆದುಕೊಟ್ಟ ಡಾಕ್ಟರನ್ನು ಒಮ್ಮೆ ಕೇಳಿ.